ಅಂಗಿಯ ಎದೆ ಮೇಲಿನ ಚಿಹ್ನೆ

ಮಕ್ಕಳೇ, ಗೋಲು ಹೊಡೆದ ಫುಟ್‌ಬಾಲ್ ಆಟಗಾರ ಅಂಗಿಯ ಎದೆ ಭಾಗವನ್ನು ಹಿಡಿದೆತ್ತಿ ಮುತ್ತಿಡುವುದನ್ನು ಟಿವಿಯಲ್ಲಿ ನೋಡಿದ್ದೀರಲ್ಲ? ಅಲ್ಲಿ ಅಂಗೈಗಿಂತ ಚಿಕ್ಕದೊಂದು ಚಿಹ್ನೆ ಇರುತ್ತದೆ. ಅದೇ ತಂಡದ ಲಾಂಛನ. ನಿಮ್ಮ ತಾತನ ಹಳೆಯ ಫೋಟೋಗೂ ಈಗಿನ ಮುಖಕ್ಕೂ ಎಷ್ಟು ವ್ಯತ್ಯಾಸವೋ, ಈ ಲಾಂಛನಗಳ ಮುಖವೂ ಹಾಗೆಯೇ ಬದಲಾಗುತ್ತಾ ಬಂದಿದೆ.

ಲಂಡನ್ನಿನ ಆರ್ಸೆನಲ್ ತಂಡವನ್ನೇ ನೋಡಿ. 1886ರಲ್ಲಿ ವುಲಿಚ್ ಎಂಬಲ್ಲಿದ್ದ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಕಟ್ಟಿಕೊಂಡ ತಂಡ ಅದು. ಹಾಗಾಗಿ ಲಾಂಛನದಲ್ಲಿ ಫಿರಂಗಿ. ಮೊದಲು ಮೂರು ಫಿರಂಗಿಗಳು ನೆಟ್ಟಗೆ ನಿಂತಿದ್ದವು. ಅವನ್ನು ಹೊಗೆಕೊಳವೆ ಎಂದುಕೊಂಡವರೂ ಉಂಟು! 1922ರಲ್ಲಿ ಒಂದೇ ಫಿರಂಗಿ ಉಳಿಯಿತು, ಅದರ ಬಾಯಿ ಬಲಕ್ಕೆ. 1925ರಲ್ಲಿ ಎಡಕ್ಕೆ ತಿರುಗಿತು. 2002ರಲ್ಲಿ ಮತ್ತೆ ಬಲಕ್ಕೆ. ಕಾರ್ಖಾನೆ ತಂಡಗಳೆಂದರೆ ನಮ್ಮ ಬೆಂಗಳೂರಿಗೂ ಹೊಸದಲ್ಲ. ಎಚ್‌ಎಎಲ್, ಐಟಿಐ ತಂಡಗಳ ಆಟ ನೋಡಿದ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು, ಕೇಳಿ ನೋಡಿ.

ಲಾಂಛನಕ್ಕಾಗಿ ಜನ ಹಟ ಹಿಡಿದ ಕತೆ ಕೋಲ್ಕತ್ತದ್ದು. ಅಲ್ಲಿನ ಮೋಹನ್ ಬಾಗಾನ್ 1889ರಲ್ಲಿ ಹುಟ್ಟಿದ ತಂಡ, ಅದರ ಗುರುತು ಹಾಯಿದೋಣಿ. 2020ರಲ್ಲಿ ಆ ಕ್ಲಬ್ಬಿನ ಫುಟ್‌ಬಾಲ್ ತಂಡ ಎಟಿಕೆ ಎಂಬ ಹೊಸ ತಂಡದೊಂದಿಗೆ ಸೇರಿತು. ದೋಣಿ ಉಳಿಯಿತು, ಆದರೆ ಲಾಂಛನದಲ್ಲಿ ‘ಎಟಿಕೆ’ ಎಂಬ ಮೂರು ಅಕ್ಷರ ಬಂದು ಕೂತವು. ಮೂರಕ್ಷರ ತಾನೇ ಎಂದು ಅಭಿಮಾನಿಗಳು ಸುಮ್ಮನಾಗಲಿಲ್ಲ. ಅದನ್ನು ತೆಗೆಯಿರಿ ಎಂದು ಮೂರು ವರ್ಷ ಕೂಗಿದರು. 2023ರ ಮಾರ್ಚ್ 18ರಂದು ಗೋವಾದಲ್ಲಿ ಐಎಸ್‌ಎಲ್ ಫೈನಲ್. ತಂಡ ಪೆನಾಲ್ಟಿಯಲ್ಲಿ ಗೆದ್ದ ಕೂಡಲೇ ಮಾಲೀಕರು ‘ಎಟಿಕೆ’ ಹೋಗುತ್ತದೆ ಎಂದು ಘೋಷಿಸಿಬಿಟ್ಟರು. ಆವತ್ತು ಸೋತವರು ಯಾರು ಗೊತ್ತೇ? ನಮ್ಮ ಬೆಂಗಳೂರು ಎಫ್‌ಸಿ. ಹೊಟ್ಟೆ ಉರಿದರೂ, ಆ ಅಭಿಮಾನಿಗಳ ಹಟ ನನಗೆ ಇಷ್ಟವಾಯಿತು.

ನಾನಿರುವ ವೈಟ್‌ಫೀಲ್ಡಿನಲ್ಲೂ ಈಗ ಅಂಥದ್ದೇ ಜಗಳ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೂ ಪಕ್ಕದ ಹಳ್ಳಿಯ ಮಕ್ಕಳೂ ಸೇರಿ ಒಂದು ತಂಡ ಮಾಡಿಕೊಂಡಿದ್ದಾರೆ. ಅಂಗಿ ಹೊಲಿಸಬೇಕು, ಎದೆ ಮೇಲೆ ಏನಿರಬೇಕು? ಒಬ್ಬ ಲ್ಯಾಪ್‌ಟಾಪ್ ಬಿಡಿಸಿದ. ಇನ್ನೊಬ್ಬಳು ಮೆಟ್ರೋ ರೈಲು. ಹಳ್ಳಿಯ ಹುಡುಗ ರಾಗಿ ತೆನೆ ಬಿಡಿಸಿ, “ನಮ್ ತಾತನ ಹೊಲ ಇಲ್ಲೇ ಇದ್ದಿದ್ದು, ನೀವೆಲ್ಲ ಆಮೇಲೆ ಬಂದಿದ್ದು” ಎಂದ. ಅಪಾರ್ಟ್‌ಮೆಂಟಿನ ಮಕ್ಕಳ ಮುಖ ಸಪ್ಪಗಾಯಿತು. ಆಗ ನನ್ನ ಮೊಮ್ಮಗಳು, “ತಾತ, ವೈಟ್‌ಫೀಲ್ಡ್ ಅಂತ ಹೆಸರಿಟ್ಟವರು ಯಾರು?” ಎಂದು ಕೇಳಿದಳು. 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೇ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಇಲ್ಲಿ 3,900 ಎಕರೆ ಭೂಮಿ ಕೊಟ್ಟರು. ಆ ಸಂಘದ ಮುಖಂಡ ಡಿ.ಎಸ್. ವೈಟ್ ಅವರಿಂದ ಊರಿಗೆ ಈ ಹೆಸರು ಬಂತು ಎಂದೆ. ರಾಗಿ ಹುಡುಗ ಕಣ್ಣರಳಿಸಿ, “ಹಂಗಾದ್ರೆ ಅವ್ರೂ ಆಮೇಲೆ ಬಂದೋರೇನಾ?” ಎಂದ. ಈಗ ರಾಗಿ ತೆನೆಯೂ ಇದೆ, ರೈಲೂ ಇದೆ. ಕಸೂತಿ ಅಂಗಡಿಯವರು ಮಾತ್ರ, “ಇಷ್ಟೆಲ್ಲ ತುಂಬಿದ್ರೆ ದೂರದಿಂದ ಕಾಣಲ್ಲ, ಗೆರೆ ಕಮ್ಮಿ ಮಾಡ್ಕೊಂಡು ಬನ್ನಿ” ಎಂದು ವಾಪಸ್ ಕಳಿಸಿದ್ದಾರೆ. ದೊಡ್ಡ ತಂಡಗಳಿಗೂ ಇದೇ ತಾಪತ್ರಯ. ಫೋನಿನ ಪರದೆಯಲ್ಲಿ ಉಗುರಿನಷ್ಟು ಚಿಕ್ಕದಾದರೂ ಗುರುತು ಸಿಗಬೇಕಲ್ಲ! ಇಟಲಿಯ ಯುವೆಂಟಸ್ 2017ರಲ್ಲಿ ತನ್ನ ಲಾಂಛನದ ಗೂಳಿಯನ್ನೇ ಕೈಬಿಟ್ಟು ಒಂದಕ್ಷರವನ್ನು ಉಳಿಸಿಕೊಂಡಿತು. ನನಗಂತೂ ಗೂಳಿಯೇ ಚೆನ್ನಾಗಿತ್ತು.

ಹೆಸರಿನ ವಿಷಯಕ್ಕೆ ಬಂದರೆ, ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ಇಂಗ್ಲಿಷಿನಲ್ಲಿ ನಗರ ಆಗಿನ್ನೂ ‘ಬ್ಯಾಂಗಲೂರ್’. ಅಧಿಕೃತವಾಗಿ ‘ಬೆಂಗಳೂರು’ ಆಗಿದ್ದು 2014ರ ನವೆಂಬರ್ 1ರಂದು. ಹೀಗೆ ತಂಡ ಸರ್ಕಾರಕ್ಕಿಂತ ಮೊದಲೇ ಕನ್ನಡದ ಹೆಸರನ್ನು ಇಟ್ಟುಕೊಂಡಿತ್ತು. ನಿಮ್ಮ ಮೆಚ್ಚಿನ ಆರ್‌ಸಿಬಿ ‘ಬೆಂಗಳೂರು’ ಆಗಿದ್ದು 2024ರ ಮಾರ್ಚ್‌ನಲ್ಲಿ.

ಲಾಂಛನಗಳ ಪೈಕಿ ನಮ್ಮ ನಾಡಿನ ಹಿರಿಯಜ್ಜ ಅಂದರೆ ಗಂಡಭೇರುಂಡ, ಎರಡು ತಲೆಯ ಹಕ್ಕಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1060ರಲ್ಲಿ ನಿಲ್ಲಿಸಿದ ಕಂಬವೊಂದಿದೆ. ಅದರ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ! ವಿಜಯನಗರದ ಅಚ್ಯುತರಾಯನ ನಾಣ್ಯಕ್ಕೆ ಬರುವಾಗ ಅದು ಪೂರ್ತಿ ಹಕ್ಕಿ, ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಎತ್ತಿಕೊಂಡಿದೆ. ಆಮೇಲೆ ಮೈಸೂರು ಒಡೆಯರ ಲಾಂಛನವಾಯಿತು. ಈಗ ಕರ್ನಾಟಕ ಸರ್ಕಾರದ ಕಾಗದಗಳ ಮೇಲೆ ನೋಡಿ: ನಡುವೆ ಅದೇ ಹಕ್ಕಿ, ಅಕ್ಕಪಕ್ಕ ಆನೆಯ ಸೊಂಡಿಲು ಹೊತ್ತ ಸಿಂಹಗಳು, ಮೇಲೆ ಅಶೋಕನ ಸಿಂಹಗಳು.

ರಾಜ್ಯದ ಫುಟ್‌ಬಾಲ್ ತಂಡದ ಹೆಸರೂ ಹೀಗೆಯೇ ಬದಲಾಯಿತು. ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಾಗ ಅದು ‘ಮೈಸೂರು’. ನಾಲ್ಕನೆಯದು 1968–69ರಲ್ಲಿ. 1973ರಲ್ಲಿ ರಾಜ್ಯ ಕರ್ನಾಟಕವಾಯಿತು. ಆ ಹೆಸರಿನಲ್ಲಿ ಟ್ರೋಫಿ ಬರಲು ಕಾದದ್ದು ಅರ್ಧ ಶತಮಾನ. 2023ರ ಮಾರ್ಚ್ 4ರಂದು ದೂರದ ರಿಯಾದ್‌ನಲ್ಲಿ ನಮ್ಮ ಹುಡುಗರು ಮೇಘಾಲಯವನ್ನು 3–2ರಿಂದ ಸೋಲಿಸಿದರು. ಹಳೆಯ ‘ಮೈಸೂರು’ ತಂಡದ ಆಟ ನೋಡಿದ್ದ ಎಷ್ಟೋ ತಾತಂದಿರು ಮರುದಿನ ಪೇಪರಿನಲ್ಲಿ ಆ ಸುದ್ದಿಯನ್ನು ಎರಡೆರಡು ಸಲ ಓದಿರುತ್ತಾರೆ. ನಾನು ಮೂರು ಸಲ ಓದಿದೆ.