ಸ್ವದೇಶಿ ಫಲಕದ ಮೇಲೆ ಕೂಲಿಯನ್ನೂ ಬರೆಯಿರಿ

ಅಮೆರಿಕವು ನಮ್ಮ ಮಾಲಿನ ಮೇಲೆ ನೂರಕ್ಕೆ 50ರ ಸುಂಕ ಹೇರಲು ಹೊರಟೊಡನೆ ದೆಹಲಿಗೆ ಸ್ವದೇಶಿಯ ನೆನಪಾಯಿತು. ಸ್ವದೇಶಿ ಮಾಲನ್ನೇ ಮಾರುತ್ತೇವೆಂದು ಅಂಗಡಿಯ ಮುಂದೆ ದೊಡ್ಡ ಫಲಕ ಹಾಕಿರೆಂದು 2025ರ ಆಗಸ್ಟ್ 25ರಂದು ಪ್ರಧಾನಿ ಮೋದಿಯವರು ಅಹಮದಾಬಾದಿನಲ್ಲಿ ವರ್ತಕರಿಗೆ ಅಪ್ಪಣೆ ಕೊಡಿಸಿದರು.

ಬಸವಕಲ್ಯಾಣದ ಕಿರಾಣಿಯವನಾಗಲಿ ಹುಮನಾಬಾದಿನ ಬಟ್ಟೆ ವರ್ತಕನಾಗಲಿ ಫಲಕಕ್ಕೆ ಹೆದರುವವರಲ್ಲ. ನಮಗೂ ಅದರ ಮೇಲೆ ತಕರಾರಿಲ್ಲ. ಆದರೆ ಸ್ವದೇಶಿ ಎಂದರೇನು?

ಮರುದಿನವೇ ಗುಜರಾತಿನ ಹಂಸಲಪುರದ ಸುಜುಕಿ ಮೋಟಾರು ಕಾರ್ಖಾನೆಯಲ್ಲಿ ಪ್ರಧಾನಿಗಳು ಅರ್ಥವನ್ನೂ ಹೇಳಿದರು: ಹಣ ಯಾರದಾದರೂ ಇರಲಿ, ಬೆವರು ಭಾರತೀಯರದಾಗಿರಬೇಕು. ಒಳ್ಳೆಯ ಮಾತು! ಕಾಯಕದ ಊರಾದ ಕಲ್ಯಾಣದವರಿಗೆ ಇದು ಹೊಸದೂ ಅಲ್ಲ. ಬೆವರೇ ಅಳತೆಗೋಲಾದ ಮೇಲೆ ಬೆವರಿಗೆ ಬೆಲೆ ಎಷ್ಟೆಂದು ಕೇಳುವುದು ನಮ್ಮ ಹಕ್ಕು. ಉತ್ತರ ಮೂರು ತಿಂಗಳೊಳಗೆ ಬಂದಿತು. ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ 300ಕ್ಕಿಂತ ಕಡಿಮೆ ಮಂದಿ ದುಡಿಯುವ ಕಾರ್ಖಾನೆಯ ಮಾಲೀಕನು ಸರಕಾರದ ಅನುಮತಿ ಬೇಡದೆಯೇ ಕೆಲಸಗಾರರನ್ನು ತೆಗೆಯಬಹುದು, ಬಾಗಿಲಿಗೆ ಬೀಗವನ್ನೂ ಜಡಿಯಬಹುದು. ಹಿಂದಿನ ಕೇಂದ್ರ ಕಾಯಿದೆಯಲ್ಲಿ ಈ ಮಿತಿ 100 ಇದ್ದಿತು. ಗುತ್ತಿಗೆದಾರನ ಕೈಕೆಳಗೆ ದುಡಿಯುವವನಿಗೆ ಇದನ್ನು ಬಿಡಿಸಿ ಹೇಳಬೇಕೆ?

ಬೆಂಗಳೂರಿನವರೂ ಹಿಂದೆ ಬಿದ್ದಿಲ್ಲ. ಮೈಸೂರು ಸ್ಯಾಂಡಲ್ ಸಾಬೂನು ಹೆಮ್ಮೆಪಡತಕ್ಕ ಮಾಲು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ಕೊರಡುಗಳು ಯುರೋಪಿಗೆ ಹೋಗದೆ ಉಳಿದಾಗ, 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ ತಾನೇ ಗಂಧದೆಣ್ಣೆ ತೆಗೆಯಲಾರಂಭಿಸಿತು; ಆ ಎಣ್ಣೆಯಿಂದ ಸಾಬೂನು ಹುಟ್ಟಿತು. (ಆಗ ನಾವು ನಿಜಾಮನ ಪ್ರಜೆಗಳು. ನಮ್ಮ ಪಾಲಿಗೆ ಅದು ಪರರಾಜ್ಯದ ಸರಕು. 1956ರ ಏಕೀಕರಣದಿಂದ ನಮ್ಮದಾಯಿತು.) ಸರಕಾರಿ ಕಾರ್ಖಾನೆಯೂ ಲಾಭ ಗಳಿಸಬಲ್ಲುದೆಂದು ತೋರಿಸಿದ ಮಾಲಿದು. ಅದರ ಪ್ರಚಾರಕ್ಕೆಂದು 2025ರ ಮೇ ತಿಂಗಳಲ್ಲಿ ಚಿತ್ರತಾರೆ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6 ಕೋಟಿ 20 ಲಕ್ಷ ರೂಪಾಯಿಗೆ ಗೊತ್ತುಮಾಡಿದರು. ಆಕೆ ಕನ್ನಡತಿಯಲ್ಲವೆಂಬ ಕೂಗೆದ್ದಿತು. ಅದು ತಪ್ಪು ಕೂಗು, ನಟನೆಯೂ ದುಡಿಮೆಯೇ. ಕೇಳಬೇಕಾದ ಪ್ರಶ್ನೆ ಬೇರೆ. ಗಿರಾಕಿಗೆ ಉದ್ದರಿ ಕೊಟ್ಟು, ವಸೂಲಿಗೆ ಮನೆಮನೆ ಅಲೆದು ಸಾಬೂನು ಮಾರುವ ಚಿಲ್ಲರೆ ವರ್ತಕನಿಗೆ ಏನು ಕೊಟ್ಟಿರಿ? ಅವನಿಗೆ ಸಗಟಿನಲ್ಲಿ ಸಿಗುವ ದರಕ್ಕಿಂತ ಅಗ್ಗವಾಗಿ ದೊಡ್ಡ ಬಜಾರುಗಳು ಮಾಲು ಸುರಿಯುವುದನ್ನು ಯಾರು ತಡೆದರು?

ಹಳ್ಳಿಖೇಡದ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆಯ ಗಾಣ ನಿಂತಾಗ ಯಾವ ತಾರೆಯನ್ನೂ ಯಾರೂ ಕರೆಸಲಿಲ್ಲ. ಅದಕ್ಕಿಂತ ಸ್ವದೇಶಿ ಸಕ್ಕರೆ ಯಾವುದಿತ್ತು? ಕಬ್ಬು ನಮ್ಮ ಹೊಲದ್ದು, ಷೇರು ರೈತರದು, ಬೆವರು ಕಾರ್ಮಿಕರದು.

ಕಾರ್ಖಾನೆಯ ಮಾಲಿನ ಬೆಲೆ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟನ್ನು ಮೀರಕೂಡದೆಂದು ಡಾ. ಲೋಹಿಯಾ ಪಟ್ಟು ಹಿಡಿದಿದ್ದರು. ಗರಿಷ್ಠ ಬೆಲೆಯನ್ನು ಪೊಟ್ಟಣದ ಮೇಲೆ ಅಚ್ಚುಹಾಕಬೇಕೆಂಬ ಕಾಯಿದೆ ಈಗಾಗಲೇ ಇದೆ. ಅದರ ಪಕ್ಕದಲ್ಲಿ ಇನ್ನೆರಡು ಸಾಲು ಬರಲಿ: ಮಾಲು ತಯಾರಿಸಲು ತಗುಲಿದ ಖರ್ಚೆಷ್ಟು, ಅದರಲ್ಲಿ ಕೂಲಿಯೆಷ್ಟು. ಮೊದಲು ಸರಕಾರ ತನ್ನದೇ ಸಾಬೂನಿನ ಪೊಟ್ಟಣದಿಂದ ಆರಂಭಿಸಲಿ. ಅಂದು ಹುಮನಾಬಾದಿನ ಪೇಟೆಯಲ್ಲಿ ಸ್ವದೇಶಿ ಫಲಕಕ್ಕೆ ಮೊಳೆ ಹೊಡೆಯಲು ನಾವೇ ಸುತ್ತಿಗೆ ತರುತ್ತೇವೆ.