ಕಾಸ್ಟಿಕ್ ಸೋಡಾ ಇಲ್ಲದೆ ಸಾಬೂನು ಇಲ್ಲ

ಮನೆಯಲ್ಲೇ ಸೋಪು ಮಾಡುವ ಹವ್ಯಾಸ ನಮ್ಮ ಕುಟುಂಬಗಳಲ್ಲಿ ಚೆನ್ನಾಗಿ ಹಬ್ಬಿದೆ. ಯಾವ ಫ್ಯಾಮಿಲಿ ಗ್ರೂಪ್ ತೆರೆದರೂ ಬೇವಿನ ಸೋಪು, ಕೇಸರಿ ಸೋಪು, ಆಡಿನ ಹಾಲಿನ ಸೋಪು. ಸಂತೋಷದ ವಿಷಯವೇ. ಆದರೆ ಫೋಟೋದ ಕೆಳಗೆ ಮತ್ತೆ ಮತ್ತೆ ಒಂದೇ ಸಾಲು: "ನೂರಕ್ಕೆ ನೂರು ನ್ಯಾಚುರಲ್, ಕೆಮಿಕಲ್ ಇಲ್ಲ." ಈ ಸಾಲು ಸುಳ್ಳು. ವ್ಯಾಪಾರಕ್ಕೆ ಹೇಳುವ ಸಣ್ಣ ಸುಳ್ಳು ಎಂದು ಬಿಟ್ಟುಬಿಡುವಂಥದ್ದೂ ಅಲ್ಲ. ಮನೆಯ ಮಕ್ಕಳ ಕಣ್ಣಿಗೇ ಕುತ್ತು ತರಬಲ್ಲ ಸುಳ್ಳು.

ಸೋಪು ಎಂದರೇನು? ಎಣ್ಣೆ ಮತ್ತು ಕ್ಷಾರ ಸೇರಿ ಆಗುವ ವಸ್ತು. ಗಟ್ಟಿ ಸೋಪಿಗೆ ಬೇಕಾದ ಕ್ಷಾರವೇ ಕಾಸ್ಟಿಕ್ ಸೋಡಾ. ಅದಿಲ್ಲದಿದ್ದರೆ ಅಚ್ಚಿನಲ್ಲಿ ಉಳಿಯುವುದು ಬರೀ ಎಣ್ಣೆ. "ನಾನು ಕಾಸ್ಟಿಕ್ ಮುಟ್ಟುವುದೇ ಇಲ್ಲ, ಸೋಪ್ ಬೇಸ್ ಕರಗಿಸಿ ಹೊಯ್ಯುತ್ತೇನೆ" ಎನ್ನುವವರಿದ್ದಾರೆ. ಅವರ ಪಾಲಿನ ಕ್ಷಾರವನ್ನು ಫ್ಯಾಕ್ಟರಿಯವರು ಮೊದಲೇ ಬೆರೆಸಿರುತ್ತಾರೆ, ಅಷ್ಟೇ ವ್ಯತ್ಯಾಸ.

ಇದು ಇಂದಿನ ಕಂಪನಿಗಳ ಕಿತಾಪತಿಯೂ ಅಲ್ಲ. ಅಲೆಪ್ಪೊದ ಸಾಬೂನು, ಫೆಲೆಸ್ತೀನಿನ ನಬ್ಲುಸ್ ಸಾಬೂನು ಎರಡೂ 2024ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಯೂ ಆಲಿವ್ ಎಣ್ಣೆಗೆ ಕ್ಷಾರ ಬೇಕೇ ಬೇಕು. ಹಿಂದಿನವರು ಅದನ್ನು ಗಿಡದ ಬೂದಿಯಿಂದ ತೆಗೆಯುತ್ತಿದ್ದರು. 'ಅಲ್ಕಲಿ' ಎಂಬ ಮಾತು ಬಂದದ್ದೇ ಆ ಬೂದಿಯ ಅರಬಿ ಹೆಸರಿನಿಂದ. ಇತ್ತ ಮೈಸೂರು ಸಂಸ್ಥಾನವೂ ಶ್ರೀಗಂಧದ ಸೋಪು ಮಾಡಲು ಹೊರಟಾಗ ಅಂದಾಜಿಗೆ ಕೈ ಹಾಕಲಿಲ್ಲ. ಎಸ್.ಜಿ. ಶಾಸ್ತ್ರಿಯವರನ್ನು ಕಲಿಯಲು ಇಂಗ್ಲೆಂಡಿಗೆ ಕಳಿಸಿತು. ಕಲಿತು ಮಾಡುವ ವಿದ್ಯೆಯನ್ನು ನಾವು "ಬರೀ ಎಣ್ಣೆ, ಬರೀ ಎಲೆ" ಎಂದು ಹೇಳಿ ಮುಗಿಸುತ್ತಿದ್ದೇವೆ.

ಇದರಿಂದ ಏನಾಗುತ್ತದೆ? ಫೋಟೋ ನೋಡಿದ ಇನ್ನೊಬ್ಬ ಉಮ್ಮ ತಾನೂ ಮಾಡಲು ಕೂರುತ್ತಾರೆ. "ಕೆಮಿಕಲ್ ಇಲ್ಲ" ಎಂದು ನಂಬಿದವರಿಗೆ ಕನ್ನಡಕ, ಗ್ಲೌಸ್ ಬೇಕೆಂದು ಹೇಗೆ ಹೊಳೆಯಬೇಕು? ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯಲ್ಲೇ ಕಾಸ್ಟಿಕ್ ಕಲಸುತ್ತಾರೆ. ಅದು ಪಾತ್ರೆಯನ್ನೇ ತಿನ್ನುತ್ತದೆ, ಹೊತ್ತಿ ಉರಿಯುವ ಹೈಡ್ರೋಜನ್ ಬಿಡುತ್ತದೆ. ಉಳಿದ ದ್ರಾವಣವನ್ನು ನೀರಿನ ಬಾಟಲಿಗೆ ತುಂಬಿಡುತ್ತಾರೆ. ನೋಡಲು ನೀರಿನಂತೆಯೇ ಇರುತ್ತದೆ. ಮಗು ಒಂದು ಗುಟುಕು ಕುಡಿದರೆ ಅನ್ನನಾಳವೇ ಸುಟ್ಟುಹೋಗುತ್ತದೆ. ನಮ್ಮ ತಾಳವಾಡಿಯಿಂದ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರೆ ಒಂದೋ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲದ ಕಡೆ, ಇಲ್ಲವೇ ರಾಜ್ಯದ ಗಡಿ ದಾಟಿ ಚಾಮರಾಜನಗರಕ್ಕೆ. ಕಣ್ಣಿಗೆ ಬಿದ್ದ ಕಾಸ್ಟಿಕ್ ಅಷ್ಟು ಹೊತ್ತು ಕಾಯುವುದಿಲ್ಲ.

ಅಳತೆಯ ಮಾತಿಗೆ ಬನ್ನಿ. ಒಂದು ಕಿಲೋ ತೆಂಗಿನೆಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಚರ್ಮಕ್ಕೆ ಉರಿಯಾಗದಿರಲೆಂದು ಶೇಕಡಾ 5 ಕಡಿಮೆ ಮಾಡಿ 174 ಗ್ರಾಂ ಹಾಕುತ್ತಾರೆ. ಅದೇ ಲೆಕ್ಕವನ್ನು ಒಂದು ಕಿಲೋ ಎಳ್ಳೆಣ್ಣೆಗೆ ಹಾಕಿದರೆ? ಎಳ್ಳೆಣ್ಣೆ ಹಿಡಿಯುವುದು 134 ಗ್ರಾಂ ಆಸುಪಾಸು ಮಾತ್ರ. ಉಳಿದ 40 ಗ್ರಾಂ ಕಾಸ್ಟಿಕ್ ಹಾಗೆಯೇ ಸೋಪಿನೊಳಗೆ ಕುಳಿತು ಮೈಗೆ ಹತ್ತುತ್ತದೆ. ಚಮಚ, ಲೋಟದ ಅಳತೆ ಇಲ್ಲಿ ನಡೆಯದು. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು, ಕೆಮಿಸ್ಟ್ರಿ ಮೇಷ್ಟ್ರಲ್ಲ. ಆದರೆ ಅಂಗಡಿಯವರ ಮಗನಾಗಿ ತಕ್ಕಡಿಯ ಬೆಲೆ ಗೊತ್ತು.

"ಸೋಪು ಹಣ್ಣಾದ ಮೇಲೆ ಕಾಸ್ಟಿಕ್ ಉಳಿಯುವುದಿಲ್ಲವಲ್ಲ, ಹಾಗಾದರೆ ಕೆಮಿಕಲ್ ಇಲ್ಲ ಅನ್ನುವುದರಲ್ಲಿ ತಪ್ಪೇನು?" ಎಂದು ಕೇಳುತ್ತಾರೆ. ಸರಿಯಾಗಿ ತೂಗಿ ಹಾಕಿದರೆ ಉಳಿಯುವುದಿಲ್ಲ, ಒಪ್ಪಿದೆ. ಹಾಗಿದ್ದರೆ ಅದನ್ನೇ ಬರೆಯಿರಿ: "ಕಾಸ್ಟಿಕ್ ಸೋಡಾ ಬಳಸಿದ್ದೇವೆ, ತೂಗಿ ಹಾಕಿದ್ದೇವೆ." "ಹಾಗೆ ಬರೆದರೆ ಜನ ಹೆದರುತ್ತಾರೆ" ಎನ್ನಬೇಡಿ. ಕುದಿಯುವ ಎಣ್ಣೆಗೆ ಹೆದರಿ ಸಮೋಸ ಕರಿಯುವುದನ್ನು ನಾವೇನು ಬಿಟ್ಟಿದ್ದೇವೆಯೇ? ಎಣ್ಣೆ ಸುಡುತ್ತದೆಂದು ಗೊತ್ತಿರುವುದರಿಂದಲೇ ಮಕ್ಕಳನ್ನು ದೂರ ಇಡುತ್ತೇವೆ. ಸರಕಿನ ಗುಣದೋಷ ಮುಚ್ಚಿಟ್ಟು ಮಾರಬಾರದೆಂಬುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಮಾರುವವರಿಗೆ ಇನ್ನೊಂದು ಮಾತು. ಕಾನೂನಿನಲ್ಲಿ ಮೈಸೋಪು ಕಾಸ್ಮೆಟಿಕ್. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ತಯಾರಿಸಲು ಲೈಸೆನ್ಸ್ ಬೇಕು. ಇಸುಬು ವಾಸಿಯಾಗುತ್ತದೆ, ಮೈ ಬೆಳ್ಳಗಾಗುತ್ತದೆ ಎಂದು ಬರೆಯುವುದಂತೂ ಬೇಡವೇ ಬೇಡ.

ಹೆಣ್ಣುಮಕ್ಕಳ ಹವ್ಯಾಸಕ್ಕೆ ಕಲ್ಲು ಹಾಕಲು ಇದನ್ನು ಬರೆದಿಲ್ಲ. ಮಾಡಿ, ಧಾರಾಳವಾಗಿ ಮಾಡಿ. ಆದರೆ ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಪಾತ್ರೆ ಸ್ಟೀಲಿನದ್ದಿರಲಿ, ಮತ್ತೆ ಅಡುಗೆಗೆ ಬಳಸಬೇಡಿ. ನೀರಿಗೆ ಕಾಸ್ಟಿಕ್ ಹಾಕಿ, ಕಾಸ್ಟಿಕ್ ಮೇಲೆ ನೀರು ಹೊಯ್ಯಬೇಡಿ, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್, ಕಿಟಕಿ ತೆರೆದಿರಲಿ, ಮಕ್ಕಳು ಹೊರಗಿರಲಿ. ಮೈಗೆ ಅಥವಾ ಕಣ್ಣಿಗೆ ಬಿದ್ದರೆ ಲಿಂಬೆ, ವಿನೆಗರ್ ಹಚ್ಚಬೇಡಿ. ಕೂಡಲೇ ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಿರಿ, ಆಮೇಲೆ ಆಸ್ಪತ್ರೆ. ನುಂಗಿದರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಓಡಿ. ಕತ್ತರಿಸಿದ ಸೋಪನ್ನು ನಾಲ್ಕರಿಂದ ಆರು ವಾರ ಗಾಳಿಗೆ ಒಣಗಲು ಬಿಡಿ.

ಕಾಸ್ಟಿಕ್ ಬೇಡವೇ ಬೇಡ ಎನ್ನುವವರಿಗೂ ದಾರಿಯಿದೆ. ಸೀಗೆಕಾಯಿ, ಅಂಟುವಾಳ ನಮ್ಮ ಬೆಟ್ಟದ ಸೀಮೆಗೆ ಹೊಸದಲ್ಲ. ಅವುಗಳ ನೊರೆಗೆ ಕಾಸ್ಟಿಕ್ ಬೇಕಾಗಿಲ್ಲ. ಅದನ್ನು ಬಳಸಿ, ಕೊಡಿ, ಮಾರಿ. ಸಾಬೂನು ಮಾಡಿದರೆ ಮಾತ್ರ ಅದರಲ್ಲಿ ಏನು ಹಾಕಿದ್ದೀರೆಂದು ಬಾಯಿಬಿಟ್ಟು ಹೇಳಿ. ಮುಂದಿನ ಸಲ ಗ್ರೂಪಿನಲ್ಲಿ "ಕೆಮಿಕಲ್ ಇಲ್ಲ" ಎಂಬ ಸೋಪಿನ ಫೋಟೋ ಬಂದಾಗ ಮಾಷಾ ಅಲ್ಲಾಹ್ ಜೊತೆಗೆ ಒಂದು ಪ್ರಶ್ನೆಯನ್ನೂ ಹಾಕಿ: "ಕಾಸ್ಟಿಕ್ ಎಷ್ಟು ಗ್ರಾಂ ಹಾಕಿದಿರಿ?"