ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವವರು ಯಾರೆಂಬುದನ್ನು ಹೆರುವವರಿಗೇ ಬಿಡಿ

ಇವರಿಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಜಿಲ್ಲಾ ಪಂಚಾಯತ್, ಮೈಸೂರು
(ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳ ಮೂಲಕ)

ವಿಷಯ: ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳ ಸರ್ಕಾರಿ ಹೆರಿಗೆ ವಾರ್ಡುಗಳಲ್ಲಿ ಲಿಂಗಭೇದವಿಲ್ಲದೆ ಜೊತೆಗಾರರಿಗೆ ಅವಕಾಶ ಕೊಡುವ ಬಗ್ಗೆ.

ಮಾನ್ಯರೇ,

ಈ ಎರಡು ತಾಲ್ಲೂಕುಗಳಲ್ಲಿ ಬಸುರಿಯರನ್ನು ಆಸ್ಪತ್ರೆಗೆ ಕರೆತರುವ, ರಾತ್ರಿಯಿಡೀ ಬಾಗಿಲಲ್ಲಿ ಕಾಯುವ, ಆಮೇಲೆ ಬಾಣಂತನ ಮಾಡುವ ಜನ ನಾವು. ಹಳೆಯ ಸೂಲಗಿತ್ತಿಯರ ಸೊಸೆಯಂದಿರು, ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರೂ ನಮ್ಮಲ್ಲಿದ್ದಾರೆ.

ಇದನ್ನು ಬರೆಯುತ್ತಿರುವ ನಾನು ಹೆತ್ತವಳಲ್ಲ. ಅವ್ವ ತೀರಿಹೋದ ಮೇಲೆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಚೊಚ್ಚಲ ಹೆರಿಗೆಗೆ ಹೋದಾಗ ಲೇಬರ್ ರೂಮಿನ ಬಾಗಿಲಲ್ಲಿ ಕೇಳಿದ ಮೊದಲ ಪ್ರಶ್ನೆ, ‘ನಿಮಗೆಷ್ಟು ಮಕ್ಕಳು?’ ಇಲ್ಲ ಎಂದೆ. ಬಿಸಿನೀರಿನ ಫ್ಲಾಸ್ಕು, ಹಳೇ ಸೀರೆ ತುಂಡುಗಳಿದ್ದ ಚೀಲ ಇವಷ್ಟನ್ನೇ ಒಳಗೆ ತೆಗೆದುಕೊಂಡರು. ‘ಅಕ್ಕಾ’ ಎಂದು ಅವಳು ಕೂಗುವುದು ಬೆಳಗಿನ ಜಾವದವರೆಗೂ ಕೇಳಿಸುತ್ತಿತ್ತು. ಅದೇ ಮೆಟ್ಟಿಲ ಮೇಲೆ ಒಬ್ಬರು ಮಂಗಳಮುಖಿ ಕೂತಿದ್ದರು. ತಮ್ಮನ ಹೆಂಡತಿಯನ್ನು ತಿಂಗಳು ತಿಂಗಳು ತಪಾಸಣೆಗೆ ಕರೆತಂದವರು ಅವರೇ. ‘ಅತ್ತಿಗೆ ಬರಲಿ’ ಎಂದು ಆಕೆ ಕೇಳಿಕೊಂಡರೂ ಬಿಡಲಿಲ್ಲ. ಮಗು ಹುಟ್ಟಿದ ಮೇಲೆ, ನಿಮ್ಮ ಕೈಯಿಂದ ಆಶೀರ್ವಾದವಾಗಲಿ ಎಂದು ಅದೇ ಸಿಬ್ಬಂದಿ ಮಗುವನ್ನು ತಂದು ಅವರ ಮಡಿಲಿಗೆ ಕೊಟ್ಟರು.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಜೊತೆಗಾರರಿಗೆ ಅವಕಾಶ ಕೊಟ್ಟದ್ದು 2016ರ ಕೇಂದ್ರ ಮಾರ್ಗಸೂಚಿ. ಜೊತೆಗಾರರು ಹೆಣ್ಣು ನೆಂಟರಾಗಿರಬೇಕು, ಹೆತ್ತ ಅನುಭವವಿದ್ದರೆ ಒಳ್ಳೆಯದು, ಮರೆಯ ವ್ಯವಸ್ಥೆ ಇರುವಲ್ಲಿ ಗಂಡನನ್ನೂ ಬಿಡಬಹುದು ಎನ್ನುತ್ತದೆ ಅದು. ‘ಇದ್ದರೆ ಒಳ್ಳೆಯದು’ ಎಂಬ ಮಾತು ಬಾಗಿಲಿಗೆ ಬರುವಷ್ಟರಲ್ಲಿ ‘ಇರಲೇಬೇಕು’ ಆಗಿರುತ್ತದೆ. ಹೆರುವವರೇ ಆರಿಸಿಕೊಂಡ ಜೊತೆಗಾರರು ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು. ಎಡೆಬಿಡದೆ ಒಬ್ಬರು ಜೊತೆಗಿದ್ದರೆ ಹೆರಿಗೆಯ ಅವಧಿ ತಗ್ಗುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ ಎಂದು 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2017ರ ಕಾಕ್ರೇನ್ ವಿಮರ್ಶೆ ಕಂಡುಕೊಂಡಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಾಗ ದೇಶ ಗೌರವಿಸಿದ್ದೂ ಹೀಗೆ ಪಕ್ಕದಲ್ಲಿ ಕೂರುವ ವಿದ್ಯೆಯನ್ನು. ಆ ವಿದ್ಯೆ ಕಲಿತು ಬರುವಂಥದ್ದು.

ಆದ್ದರಿಂದ, ಹುಲ್ಲಹಳ್ಳಿಯಿಂದ ತಲಕಾಡಿನವರೆಗೆ ಹೆರಿಗೆ ನಡೆಯುವ ಪ್ರತಿ ಸರ್ಕಾರಿ ಆಸ್ಪತ್ರೆಗೂ ಲಿಖಿತ ಆದೇಶ ಹೋಗಬೇಕು. ಏಳನೇ ತಿಂಗಳ ತಪಾಸಣೆಯಲ್ಲಿ ಬಸುರಿಯನ್ನೇ ಕೇಳಿ ಜೊತೆಗಾರರ ಹೆಸರನ್ನು ತಾಯಿ ಕಾರ್ಡಿನಲ್ಲಿ ಬರೆಯಲಿ. ಆಮೇಲೆ ಮಕ್ಕಳೆಷ್ಟು, ಮದುವೆಯಾಗಿದೆಯೇ, ಗಂಡೋ ಹೆಣ್ಣೋ ಎಂದು ಬಾಗಿಲಲ್ಲಿ ಯಾರೂ ಕೇಳಬಾರದು. ಕಷ್ಟದ ಹೆರಿಗೆಯೆಂದು ಮೈಸೂರಿನ ಚೆಲುವಾಂಬಕ್ಕೆ ಕಳಿಸುವಾಗ ಆ ಹೆಸರು ರೆಫರಲ್ ಚೀಟಿಯಲ್ಲೂ ಇರಲಿ. ಆ ಆಸ್ಪತ್ರೆ ವೈದ್ಯಕೀಯ ಕಾಲೇಜಿನ ಅಧೀನದಲ್ಲಿರುವುದರಿಂದ ಅಲ್ಲಿಗೆ ತಾವೇ ಪತ್ರ ಬರೆಯಬೇಕು.

ಹೆರಿಗೆ ಟೇಬಲ್ಲುಗಳ ನಡುವಿನ ಪರದೆಯ ವಿಷಯ ಇನ್ನೂ ತುರ್ತು. ಸಿಸೇರಿಯನ್ ಕಾಗದಕ್ಕೆ ಸಹಿ ಹಾಕಲು ಗಂಡನನ್ನು ಕೂಗಿ ಕರೆಯುತ್ತಾರೆ, ಕೈ ಹಿಡಿದು ಕೂರಲು ಬಿಡುವುದಿಲ್ಲ. ಪಕ್ಕದ ಟೇಬಲ್ಲಿನಲ್ಲಿ ಇನ್ನೊಬ್ಬಳು ಮಲಗಿದ್ದಾಳೆ ಎಂಬುದು ಸಿಬ್ಬಂದಿ ಕೊಡುವ ಕಾರಣ. ಆ ಕಾರಣ ನ್ಯಾಯವಾದದ್ದೇ, ಆಕೆಯ ಮಾನ ನಮಗೂ ದೊಡ್ಡದು. ಹಾಗಾಗಿ ಪ್ರತಿ ಟೇಬಲ್ಲಿಗೂ ಸುತ್ತ ಎಳೆಯುವ ಪರದೆಯನ್ನು ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಹಾಕಿಸಿಕೊಡಿ. ಗಂಡಸರು ಹತ್ತಿರ ಬೇಡ ಎನ್ನುವ ಹೆಂಗಸಿನ ಮಾತನ್ನೂ ಅಷ್ಟೇ ಗಟ್ಟಿಯಾಗಿ ಪಾಲಿಸಬೇಕು.

ಹೆರಿಗೆ ವಾರ್ಡಿನ ಹೊರಗುತ್ತಿಗೆ ಕೆಲಸ ಕೇಳಿ ಬರುವ ಮಂಗಳಮುಖಿಯರನ್ನು ನೋಡಿದೊಡನೆ ವಾಪಸ್ ಕಳಿಸುವುದು ನಿಲ್ಲಬೇಕು. ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ 2021ರಲ್ಲೇ ಶೇ. 1 ಮೀಸಲಾತಿ ಕೊಟ್ಟ ರಾಜ್ಯ ನಮ್ಮದು. ಜೊತೆಗಾರರಾಗಲು ಬಯಸುವ ಯಾರಿಗೇ ಆಗಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಿ ಕೊಡಿಸಿ. ಸೊಂಟ ನೀವುವುದು ಹೇಗೆ, ಯಾವಾಗ ನಡೆದಾಡಿಸಬೇಕು, ಯಾವ ಲಕ್ಷಣ ಕಂಡರೆ ನರ್ಸನ್ನು ಕೂಗಬೇಕು ಎಂಬುದನ್ನು ಹೇಳಿಕೊಡಲು ನಮ್ಮ ಹಿರಿಯ ಸೂಲಗಿತ್ತಿಯರೂ ಬರುತ್ತಾರೆ. ಅವರಿಗೆ ಗೌರವಧನ ಕೊಡಬೇಕು. ಹಿಂದೆ ಅವರಿಗೆ ಸಿಗುತ್ತಿದ್ದುದು ಒಂದು ಮೊರ ಅಕ್ಕಿ, ಎಲೆ ಅಡಿಕೆ, ಎಷ್ಟೋ ಮನೆಗಳಲ್ಲಿ ಹಿತ್ತಿಲ ಬಾಗಿಲು.

ಯಾವ ಆಸ್ಪತ್ರೆಯಲ್ಲಿ ಎಷ್ಟು ಟೇಬಲ್ಲು, ಎಷ್ಟು ಪರದೆ ಎಂದು ಎಣಿಸಲು ತಮ್ಮ ಸಿಬ್ಬಂದಿಯ ಜೊತೆ ನಾವೂ ಬರುತ್ತೇವೆ. ದಿನ ತಿಳಿಸಬೇಕಾಗಿ ಕೋರಿಕೆ.

ಇಂತಿ ತಮ್ಮ ವಿಶ್ವಾಸಿಗಳು,
ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಹೆರಿಗೆ ಜೊತೆಗಾರರು
(ಸಹಿಗಳನ್ನು ಲಗತ್ತಿಸಿದೆ)